ಸ್ಕ್ಯಾನರ್ ಕೆಟ್ಟಿಲ್ಲ, ಬಿಡುವಿಲ್ಲ

ನಿನ್ನೆಯವರೆಗೆ ಚೆನ್ನಾಗಿದ್ದ ಸ್ಕ್ಯಾನರ್ ಇವತ್ತು ಬೆಳಿಗ್ಗೆ ಮೊಂಡು ಹಿಡಿದರೆ ನಾವೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ. ತಂತಿ ಕಿತ್ತು ಮತ್ತೆ ಚುಚ್ಚುತ್ತೇವೆ. ಮುಚ್ಚಳ ಎತ್ತಿ ಗಾಜು ಒರೆಸುತ್ತೇವೆ. ಆಮೇಲೆ ಡ್ರೈವರ್ ಹುಡುಕಿ ಇನ್ನೊಮ್ಮೆ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವರಿಗೆ ಫೋನು. ಅವರು ನಮ್ಮ ಮಾತು ಮುಗಿಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ: "ಫಾರ್ಮ್ಯಾಟ್ ಮಾಡ್ಬೇಕಾಗತ್ತೆ ಸಾರ್." ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ಅದು ನಿಜ. ಯಾಕೆ ಸರಿಹೋಯಿತು ಎಂಬುದು ಮಾತ್ರ ಮಾಡಿದವರಿಗೂ ಗೊತ್ತಿರುವುದಿಲ್ಲ, ಮಾಡಿಸಿದವರಿಗೂ ಗೊತ್ತಿರುವುದಿಲ್ಲ. ಒಂದಿಷ್ಟು ದಿನ ಕಳೆದು, ಹಳೆಯ ಪ್ರೋಗ್ರಾಮ್‌ಗಳೆಲ್ಲ ಒಂದೊಂದಾಗಿ ಮರಳಿ ಬಂದಮೇಲೆ, ಅದೇ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಫಾರ್ಮ್ಯಾಟಿಗೂ ಮೊದಲು, ಡ್ರೈವರ್ ಮತ್ತೆ ಹಾಕುವುದಕ್ಕೂ ಮೊದಲು ಮಾಡಬಹುದಾದ ಒಂದು ಪರೀಕ್ಷೆಯ ವಿಷಯ ಇವತ್ತು ಹೇಳುತ್ತೇನೆ. ಕಂಪ್ಯೂಟರ್ ಆನ್ ಆದ ಕೂಡಲೇ ಯಾರೂ ಕರೆಯದೆ ತಾವಾಗಿಯೇ ಶುರುವಾಗುವ ಪ್ರೋಗ್ರಾಮ್‌ಗಳಿವೆಯಲ್ಲ, ಸ್ಟಾರ್ಟಪ್ ಪ್ರೋಗ್ರಾಮ್ ಎನ್ನುತ್ತೇವೆ, ಅವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ ಸ್ಕ್ಯಾನರ್ ಓಡುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಕಾಸು ಖರ್ಚಿಲ್ಲ. ಏನನ್ನೂ ಅಳಿಸುವುದಿಲ್ಲ, ಬೇಡವೆನಿಸಿದರೆ ಮೊದಲಿನಂತೆಯೇ ಮಾಡಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನವರ ಮೇಜಿನ ಮೇಲಿರುವುದು ವಿಂಡೋಸ್ ಆದ್ದರಿಂದ ನನ್ನ ಮಾತೂ ಅದಕ್ಕೇ ಸೀಮಿತ.

ಸ್ಕ್ಯಾನರಿನ ಸ್ವಭಾವ ಒಂದಿಷ್ಟು ತಿಳಿದಿದ್ದರೆ ಈ ಪರೀಕ್ಷೆಯ ಅರ್ಥ ಬೇಗ ಹೊಳೆಯುತ್ತದೆ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಅವರ ಸಂಗಡಿಗರು ಒಂದು ಫೋಟೋವನ್ನು ತಿರುಗುವ ಉರುಳೆಗೆ ಸುತ್ತಿ, ಬೆಳಕಿನ ಸಹಾಯದಿಂದ ಚುಕ್ಕೆ ಚುಕ್ಕೆಯಾಗಿ ಕಂಪ್ಯೂಟರಿಗೆ ಓದಿಸಿದರು. ಫೋಟೋದಲ್ಲಿದ್ದದ್ದು ಕಿರ್ಶ್ ಅವರ ಮೂರು ತಿಂಗಳ ಕೂಸು. ಉದ್ದಕ್ಕೆ 176 ಚುಕ್ಕೆ, ಅಗಲಕ್ಕೆ 176 ಚುಕ್ಕೆ, ಅಷ್ಟೇ. ಇವತ್ತು ಎ-4 ಹಾಳೆಯೊಂದನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಚುಕ್ಕೆ ಹೆಚ್ಚಿದವು, ಯಂತ್ರ ಅಗ್ಗವಾಯಿತು. ಕಿರ್ಶ್ ಅವರ ಕಂಪ್ಯೂಟರಿಗೆ ಒಂದು ಹೊತ್ತಿಗೆ ಒಂದೇ ಕೆಲಸವಿತ್ತು, ಸ್ಕ್ಯಾನರ್ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವಂತಿರಲಿಲ್ಲ. ಈಗ ಅದೇ ಮೊದಲ ಪ್ರಶ್ನೆ.

1992ರಲ್ಲಿ ಟ್ವೇನ್ ಎಂಬ ಏರ್ಪಾಡು ಬಂತು. ಯಾವ ಕಂಪನಿಯ ಸ್ಕ್ಯಾನರೇ ಇರಲಿ, ಯಾವ ಪ್ರೋಗ್ರಾಮೇ ಇರಲಿ, ಎರಡೂ ಒಂದೇ ರೀತಿಯಲ್ಲಿ ಮಾತಾಡಿಕೊಳ್ಳಲಿ ಎಂಬುದು ಅದರ ಉದ್ದೇಶ. 2000ದಲ್ಲಿ ವಿಂಡೋಸ್ ಮಿ ಜೊತೆಗೆ ಮೈಕ್ರೋಸಾಫ್ಟ್ ತನ್ನದೇ ಇನ್ನೊಂದು ವ್ಯವಸ್ಥೆ ತಂದಿತು, ಅದರ ಹೆಸರು ವಿಂಡೋಸ್ ಇಮೇಜ್ ಅಕ್ವಿಸಿಷನ್, ಚಿಕ್ಕದಾಗಿ ವಿಯಾ ಎನ್ನೋಣ. ಇವೆರಡೂ ಬಂದು ಸ್ಕ್ಯಾನರ್ ಕೈಗೆ ಸಿಗುವುದು ಸುಲಭವಾಯಿತೇ ಹೊರತು, ಸ್ಕ್ಯಾನರಿನ ಒಂದು ಗುಣ ಬದಲಾಗಲಿಲ್ಲ. ಸಾಮಾನ್ಯವಾಗಿ ಅದು ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ದಕ್ಕುತ್ತದೆ. ಹತ್ತು ಜನರ ಮನೆಗೆ ಒಂದೇ ಬಚ್ಚಲಿದ್ದ ಹಾಗೆ: ಒಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಉಳಿದವರು ಎಷ್ಟು ಬಾಗಿಲು ಬಡಿದರೂ ಅಷ್ಟೇ. "ಸ್ಕ್ಯಾನರ್ ಬ್ಯುಸಿ", "ಸಾಧನವನ್ನು ಬೇರೊಂದು ಪ್ರೋಗ್ರಾಮ್ ಬಳಸುತ್ತಿದೆ" ಎಂದು ತೆರೆಯ ಮೇಲೆ ಬಂದರೆ ಯಾರೋ ಚಿಲಕ ಹಾಕಿಕೊಂಡಿದ್ದಾರೆ ಎಂದೇ ಅರ್ಥ. ಕೆಲವು ಡ್ರೈವರುಗಳಿಗೆ ಇಷ್ಟನ್ನೂ ಬಾಯಿಬಿಟ್ಟು ಹೇಳುವ ಸೌಜನ್ಯವಿಲ್ಲ. "ಸ್ಕ್ಯಾನರ್ ಸಿಗುತ್ತಿಲ್ಲ" ಎಂದು ಸುಳ್ಳು ಹೇಳಿ ಕೈತೊಳೆದುಕೊಳ್ಳುತ್ತವೆ, ನಾವು ತಂತಿ ಕೀಳಲು ಓಡುತ್ತೇವೆ.

ಹಾಗಾದರೆ ಒಳಗಿರುವವರು ಯಾರು?

ಸ್ಕ್ಯಾನರ್ ಅಥವಾ ಆಲ್-ಇನ್-ಒನ್ ಪ್ರಿಂಟರ್ ಕೊಂಡಾಗ ಡ್ರೈವರ್ ಒಂದೇ ಬರುವುದಿಲ್ಲ. ಯಂತ್ರದ ಮೇಲಿನ ಗುಂಡಿ ಒತ್ತುವುದನ್ನೇ ಕಾಯುವ ಒಂದು ಪ್ರೋಗ್ರಾಮ್, ಶಾಯಿ ಎಷ್ಟಿದೆ ಎಂದು ನೋಡುವ ಇನ್ನೊಂದು, ಹೊಸ ಆವೃತ್ತಿ ಬಂದಿದೆಯೇ ಎಂದು ಕಂಪನಿಯನ್ನು ಕೇಳುತ್ತಲೇ ಇರುವ ಮತ್ತೊಂದು, ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಡುತ್ತೇನೆಂದು ಪುಕ್ಕಟೆಯಾಗಿ ಬಂದದ್ದು ಮಗದೊಂದು. ಹಾಕುವಾಗ ನಾವು ಓದದೆಯೇ ನೆಕ್ಸ್ಟ್, ನೆಕ್ಸ್ಟ್ ಒತ್ತಿರುತ್ತೇವೆ. ಅವೆಲ್ಲವೂ ಸ್ಟಾರ್ಟಪ್ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿರುತ್ತವೆ. ಕ್ಯಾಮೆರಾದ ಫೋಟೋ ಇಳಿಸಿಕೊಳ್ಳುವ ಪ್ರೋಗ್ರಾಮೂ ಈ ಸಾಲಿಗೆ ಸೇರಿದ್ದೇ, ಯಾಕೆಂದರೆ ವಿಂಡೋಸಿನ ಲೆಕ್ಕದಲ್ಲಿ ಕ್ಯಾಮೆರಾ, ಸ್ಕ್ಯಾನರ್ ಎರಡೂ ವಿಯಾ ಸೇವೆಯ ಮಕ್ಕಳೇ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್ ಮಷೀನ್ ಬಳಸುವವರಾದರೆ, ಅದರ ಸೇವೆಯೊಂದು ಯುಎಸ್‌ಬಿಗೆ ಚುಚ್ಚಿದ ಸಾಧನವನ್ನು ತನ್ನ ಕಡೆಗೆ ಎಳೆದುಕೊಳ್ಳುವುದೂ ಉಂಟು.

ಹೀಗಾಗಿಯೇ, ಸ್ಕ್ಯಾನರ್ ನಿಂತಿತೆಂದು ಮೊದಲ ಕೆಲಸವಾಗಿ ಇಡೀ ಸಾಫ್ಟ್‌ವೇರ್ ಕಟ್ಟನ್ನು ಮತ್ತೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಜಗಳ ನಡೆಯುತ್ತಿರುವ ಜಾಗಕ್ಕೆ ಇನ್ನೂ ನಾಲ್ಕು ಜನರನ್ನು ಕಳಿಸುವುದಷ್ಟೇ ಆಗುತ್ತದೆ.

ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗಳನ್ನು ನೀವು ನೋಡಿಯೇ ಇರುತ್ತೀರಿ. ಜೂನ್ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಪಿಡಿಎಫ್ ಆಗಬೇಕು. ಅಂಥ ಒಂದು ಅಂಗಡಿಯಲ್ಲಿ ಒಂದು ಬೆಳಿಗ್ಗೆ ಸ್ಕ್ಯಾನರ್ ನಿಂತಿತ್ತು. "ಅಕ್ಕ, ಬೇಗ ಮಾಡ್ಕೊಡಿ, ಬಸ್ಸು ಹೊರಟೋಗತ್ತೆ" ಎಂದು ಹುಡುಗನೊಬ್ಬ ಗೋಗರೆಯುತ್ತಿದ್ದ. "ನಾನೇನ್ ಮಾಡ್ಲಪ್ಪ, ಒಂದೊಂದಿನ ನಡೆಯತ್ತೆ, ಒಂದೊಂದಿನ ಇಲ್ಲ" ಎಂದರು ಅಂಗಡಿಯ ಹೆಣ್ಣುಮಗಳು.

ಆಕೆಯ ಮಾತಿನಲ್ಲೇ ಸುಳಿವಿತ್ತು. ಒಂದು ದಿನ ನಡೆದು ಇನ್ನೊಂದು ದಿನ ನಡೆಯದ ಸ್ಕ್ಯಾನರ್ ಕಂಡರೆ ಮೊದಲು ಸ್ಟಾರ್ಟಪ್ ಪಟ್ಟಿಯನ್ನೇ ಅನುಮಾನಿಸಬೇಕು. ಕಂಪ್ಯೂಟರ್ ಏಳುವಾಗ ಈ ಪ್ರೋಗ್ರಾಮ್‌ಗಳು ಪ್ರತಿದಿನ ಒಂದೇ ಸರದಿಯಲ್ಲಿ ಸಿದ್ಧವಾಗುತ್ತವೆಂದಿಲ್ಲ. ಡಿಸ್ಕಿಗೆ ಕೆಲಸ ಹೆಚ್ಚಿದ್ದರೆ ಒಂದು ತಡವಾಗುತ್ತದೆ, ಇನ್ನೊಂದು ಮುಂದೆ ನುಗ್ಗುತ್ತದೆ. ಯಾರು ಮೊದಲು ಸ್ಕ್ಯಾನರಿನ ಹತ್ತಿರ ಬಂದರು ಎಂಬುದರ ಮೇಲೆ ಆ ದಿನದ ಭವಿಷ್ಯ. ಆ ಅಂಗಡಿಯ ತೆರೆಯ ಮೂಲೆಯಲ್ಲಿ, ಗಡಿಯಾರದ ಪಕ್ಕದ ಪುಟ್ಟ ಬಾಣ ಒತ್ತಿದರೆ ಚಿತ್ರಗಳ ಒಂದು ಸಂತೆಯೇ ಇತ್ತು. ಅದರಲ್ಲೊಂದಕ್ಕೆ ಕೆಂಪು ಅಡ್ಡಗೀಟು. ಎಂದೋ ಗುಜರಿಗೆ ಹೋದ ಹಳೆಯ ಸ್ಕ್ಯಾನರಿನ ಕಾವಲು ಪ್ರೋಗ್ರಾಮ್ ಅದು, ಇಲ್ಲದ ಯಂತ್ರವನ್ನು ದಿನವೂ ಹುಡುಕುತ್ತ ಕೂತಿತ್ತು. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಹೊಸ ಯಂತ್ರವನ್ನು ಹಿಡಿದುಕೊಂಡು ಕೂತಿದ್ದದ್ದು ಅದರ ಜೊತೆ ಪುಕ್ಕಟೆ ಬಂದಿದ್ದ, ಯಾರೂ ಒಮ್ಮೆಯೂ ತೆರೆಯದ, ಕಾಗದ ಜೋಡಿಸುವ ಪ್ರೋಗ್ರಾಮ್. ಅದನ್ನು ಸ್ಟಾರ್ಟಪ್ಪಿನಿಂದ ಬಿಡಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆ ಪಾಸ್‌ಬುಕ್ಕು ಪಿಡಿಎಫ್ ಆಯಿತು. ಹುಡುಗನಿಗೆ ಬಸ್ಸು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಇನ್ನು ಮಾಡುವ ಕ್ರಮ. ಬಾನುಲಿಯಲ್ಲಿ ತೆರೆ ತೋರಿಸಲಾಗುವುದಿಲ್ಲ, ಆದ್ದರಿಂದ ಕಾಗದ ಪೆನ್ನು ಹತ್ತಿರವಿದ್ದರೆ ಒಳ್ಳೆಯದು.

ಆಲ್-ಇನ್-ಒನ್ ಯಂತ್ರವಾದರೆ ಮೊದಲು ಕಂಪ್ಯೂಟರನ್ನು ಮರೆತುಬಿಡಿ. ಗಾಜಿನ ಮೇಲೆ ಒಂದು ಕಾಗದವಿಟ್ಟು ಯಂತ್ರದ ಮೇಲಿರುವ ಕಾಪಿ ಗುಂಡಿ ಒತ್ತಿ. ಜೆರಾಕ್ಸ್ ಸರಿಯಾಗಿ ಬಂದರೆ ಗಾಜು, ದೀಪ, ಮೋಟಾರು ಎಲ್ಲ ಚೆನ್ನಾಗಿವೆ ಎಂದಾಯಿತು. ದೋಷ ತಂತಿಯಿಂದ ಈಚೆಗಿದೆ. ಬರೀ ಸ್ಕ್ಯಾನರ್ ಆದರೆ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನೋಡಬೇಕು. ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರುಗಳಲ್ಲಿ, ಸಾಗಿಸುವಾಗ ಒಳಗಿನ ತಲೆ ಅಲ್ಲಾಡದಿರಲೆಂದು ಒಂದು ಬೀಗದ ಗುಂಡಿ ಇರುತ್ತದೆ, ಅದು ಬಿಚ್ಚಿದೆಯೇ ನೋಡಿ. ಮನೆ ಬದಲಾಯಿಸಿದವರಿಗೆ ಈ ಮಾತು ವಿಶೇಷವಾಗಿ. ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುವ ತೆಳು ಸ್ಕ್ಯಾನರ್ ಆದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಸಾಮಾನ್ಯ ಯುಎಸ್‌ಬಿ-2 ಕಿಂಡಿ ಕೊಡುವುದೇ 500 ಮಿಲಿಆಂಪಿಯರ್, ಅದನ್ನೂ ಹಬ್‌ನಲ್ಲಿ ಹಂಚಿಕೊಂಡರೆ ಸ್ಕ್ಯಾನರಿಗೆ ಅರೆಹೊಟ್ಟೆ.

ಇಷ್ಟೂ ಸರಿಯಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ಪುಟವಿದೆ, ವಿಂಡೋಸ್ 8ರಿಂದ ಈಚೆಗೆ ಆ ಪಟ್ಟಿ ಇರುವುದು ಅಲ್ಲಿಯೇ. ಪ್ರೋಗ್ರಾಮಿನ ಹೆಸರು, ಕಂಪನಿ, ಎನೇಬಲ್ ಆಗಿದೆಯೋ ಡಿಸೇಬಲ್ ಆಗಿದೆಯೋ, ಮತ್ತು ಕೊನೆಗೆ ಸ್ಟಾರ್ಟಪ್ ಇಂಪ್ಯಾಕ್ಟ್ ಎಂಬ ಕಾಲಂ. ಮುಂದುವರಿಯುವ ಮೊದಲು ಮೊಬೈಲಿನಲ್ಲಿ ಈ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲು ಯಾವುದು ಎನೇಬಲ್ ಇತ್ತು ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಆ ಕೊನೆಯ ಕಾಲಂ ಬಹಳ ಜನರ ದಾರಿ ತಪ್ಪಿಸುತ್ತದೆ. "ಹೈ" ಎಂದಿದ್ದದ್ದನ್ನೆಲ್ಲ ಆರಿಸಿ ಕಿತ್ತುಹಾಕುತ್ತಾರೆ. ಹೈ ಎಂದರೆ ಕಂಪ್ಯೂಟರ್ ಏಳುವಾಗ ಆ ಪ್ರೋಗ್ರಾಮ್ ಒಂದು ಸೆಕೆಂಡಿಗಿಂತ ಹೆಚ್ಚು ಸಿಪಿಯು ಹೊತ್ತು ಇಲ್ಲವೇ ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದು ಬರಹ ಮಾಡಿದೆ ಎಂದಷ್ಟೇ. ಕಂಪ್ಯೂಟರ್ ನಿಧಾನವಾದದ್ದು ಯಾಕೆ ಎಂದು ಹುಡುಕುವವರಿಗೆ ಅದು ಬೇಕು. ಸ್ಕ್ಯಾನರ್ ಹಿಡಿದುಕೊಂಡವರನ್ನು ಹುಡುಕುವ ನಮಗೆ ಅದರಿಂದ ಪ್ರಯೋಜನವಿಲ್ಲ. ಗುಂಡಿ ಕಾಯುವ ಪುಟ್ಟ ಪ್ರೋಗ್ರಾಮ್ ಲೋ ಎಂಬ ಹಣೆಪಟ್ಟಿ ಹೊತ್ತು ಸಾಧುವಿನಂತೆ ಪಟ್ಟಿಯ ಕೆಳಗೆ ಕೂತಿರಬಹುದು.

ಸ್ಕ್ಯಾನಿಂಗಿಗೆ ಸಂಬಂಧಪಟ್ಟ ಹೆಸರುಗಳು ಎದ್ದು ಕಂಡರೆ ಮೊದಲು ಅವನ್ನೇ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೋಡಿ. ರೀಸ್ಟಾರ್ಟ್ ಎಂಬುದಕ್ಕೆ ಇಲ್ಲಿ ಒತ್ತು ಕೊಟ್ಟು ಹೇಳುತ್ತಿದ್ದೇನೆ. ವಿಂಡೋಸ್ 8ರ ಜೊತೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯ ಬಂದಮೇಲೆ, ಅದು ಚಾಲೂ ಇರುವ ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೆ ಒಳಗಿನ ತಿರುಳು, ಡ್ರೈವರುಗಳ ಸಮೇತ, ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಉಳಿದಿರುತ್ತದೆ. ಮರುದಿನ ಆನ್ ಮಾಡಿದರೆ ಅದೇ ಎದ್ದು ಬರುತ್ತದೆ, ನಿನ್ನೆಯ ಗೊಂದಲದ ಸಮೇತ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿಂದ. "ಆಫ್ ಮಾಡಿ ಆನ್ ಮಾಡಿದೆ, ಆದ್ರೂ ಹಾಗೇ ಇದೆ" ಎನ್ನುವವರ ಸಮಸ್ಯೆ ಎಷ್ಟೋ ಸಲ ಇಷ್ಟೇ.

ಇಷ್ಟಕ್ಕೂ ಸರಿಹೋಗದಿದ್ದರೆ ಅದೇ ಕೆಲಸವನ್ನು ಇನ್ನಷ್ಟು ಆಳಕ್ಕೆ ಒಯ್ಯಬೇಕು. ಇದಕ್ಕೆ ಕ್ಲೀನ್ ಬೂಟ್ ಎನ್ನುತ್ತಾರೆ. ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಕಾಣದ, ಸರ್ವೀಸ್ ಎಂಬ ರೂಪದಲ್ಲಿ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳೂ ಇವೆ, ಅವನ್ನೂ ನಿಲ್ಲಿಸಿ ನೋಡುವುದು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್ 98ರ ಕಾಲದಿಂದಲೂ ಇರುವ ಹಳೆಯ ಸಲಕರಣೆ ಇದು. ಸರ್ವೀಸಸ್ ಪುಟಕ್ಕೆ ಹೋಗಿ. ಅಲ್ಲಿ ಬೇರೇನನ್ನೂ ಮುಟ್ಟುವ ಮೊದಲು ಕೆಳಗಿರುವ "ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್" ಎಂಬ ಚೌಕಕ್ಕೆ ಟಿಕ್ ಹಾಕಿ. ಇದನ್ನು ಮರೆತು "ಡಿಸೇಬಲ್ ಆಲ್" ಒತ್ತಿದರೆ ವಿಂಡೋಸಿನ ಸ್ವಂತ ಸೇವೆಗಳೂ ನಿಲ್ಲುತ್ತವೆ. ಅದರಲ್ಲಿ ನಮ್ಮ ವಿಯಾ ಸೇವೆಯೂ ಸೇರಿ, ಸ್ಕ್ಯಾನರ್ ಪರೀಕ್ಷಿಸಲು ಹೊರಟವರು ಸ್ಕ್ಯಾನರಿನ ಉಸಿರನ್ನೇ ಕಟ್ಟಿದಂತಾಗುತ್ತದೆ. ಟಿಕ್ ಹಾಕಿದ ಮೇಲೆ ಉಳಿದವನ್ನೆಲ್ಲ ಡಿಸೇಬಲ್ ಮಾಡಿ, ಟಾಸ್ಕ್ ಮ್ಯಾನೇಜರಿನಲ್ಲೂ ಉಳಿದವನ್ನು ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ. ಅದೇ ಸಲಕರಣೆಯ ಬೂಟ್ ಪುಟದಲ್ಲಿರುವ ಸೇಫ್ ಬೂಟ್ ತಂಟೆಗೆ ಹೋಗಬೇಡಿ. ಸೇಫ್ ಮೋಡಿನಲ್ಲಿ ಸ್ಕ್ಯಾನಿಂಗಿಗೆ ಬೇಕಾದ ಸೇವೆಗಳೇ ಏಳದಿರಬಹುದು, ಆ ಪರೀಕ್ಷೆಯಿಂದ ನಮಗೆ ಏನೂ ತಿಳಿಯುವುದಿಲ್ಲ.

ಕೆಲವು ಎಚ್ಚರಿಕೆಗಳು ನಮ್ಮೂರಿನ ಕಂಪ್ಯೂಟರುಗಳಿಗೇ ವಿಶೇಷ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನೋ ಬರಹವನ್ನೋ ಬಳಸುವವರು, ದಿನಾ ತೆರೆಯುವ ಕಷ್ಟ ಬೇಡವೆಂದು ಅದನ್ನು ಸ್ಟಾರ್ಟಪ್ಪಿಗೆ ಸೇರಿಸಿಟ್ಟಿರುತ್ತಾರೆ. ಎಲ್ಲವನ್ನೂ ಡಿಸೇಬಲ್ ಮಾಡಿದ ಮೇಲೆ ಕಂಪ್ಯೂಟರ್ ತೆರೆದರೆ ಕನ್ನಡವೇ ಮೂಡುವುದಿಲ್ಲ, ಹೊಸದೊಂದು ರೋಗ ಬಂತೆಂದು ಗಾಬರಿ. ಏನೂ ಆಗಿರುವುದಿಲ್ಲ, ಅದನ್ನು ಕೈಯಾರೆ ತೆರೆದರೆ ಕನ್ನಡ ಬರುತ್ತದೆ. ಸಾರ್ವಜನಿಕ ಸೇವಾ ಕೇಂದ್ರ ನಡೆಸುವವರಾದರೆ ಆಧಾರ್ ಬೆರಳಚ್ಚು ಸಾಧನದ ಆರ್‌ಡಿ ಸರ್ವೀಸ್ ಕೂಡ ಈ ಪಟ್ಟಿಯಲ್ಲಿರುತ್ತದೆ. ಅದು ನಿಂತರೆ ಬೆರಳಿಟ್ಟವರ ಕೆಲಸ ಆಗುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಟೋಕನ್ನಿನ ಪ್ರೋಗ್ರಾಮಿಗೂ ಇದೇ ಮಾತು. ಆದ್ದರಿಂದ ಗಿರಾಕಿಗಳು ಸಾಲುಗಟ್ಟಿದ ಹೊತ್ತಿನಲ್ಲಿ ಕ್ಲೀನ್ ಬೂಟ್ ಮಾಡಬೇಡಿ, ಅಂಗಡಿ ಮುಚ್ಚುವ ಹೊತ್ತಿಗೆ ಮಾಡಿ. ಹೊರಗಿನಿಂದ ಕೊಂಡ ಆಂಟಿವೈರಸ್ ಇದ್ದು ಅದೂ ನಿಂತಿದ್ದರೆ, ಪರೀಕ್ಷೆ ಮುಗಿಯುವವರೆಗೆ ಇಂಟರ್ನೆಟ್ ತಂತಿ ತೆಗೆದಿಡಿ. ಕಚೇರಿಯ ಕಂಪ್ಯೂಟರ್ ಆದರೆ ಇದನ್ನೆಲ್ಲ ಮಾಡುವ ಅಧಿಕಾರ ನಿಮ್ಮ ಖಾತೆಗೆ ಇರುವುದೂ ಅನುಮಾನ, ಇದ್ದರೂ ಒಂದು ಮಾತು ಕೇಳಿಕೊಂಡು ಮಾಡುವುದು ಕ್ಷೇಮ.

ಕ್ಲೀನ್ ಬೂಟ್ ಆದಮೇಲೆ ಸ್ಕ್ಯಾನರ್ ಸರಾಗವಾಗಿ ಓಡಿತು ಅನ್ನೋಣ. ಗೆದ್ದೆವೆಂದು ಹಾಗೇ ಬಿಟ್ಟುಬಿಡುವ ಆಸೆಯಾಗುತ್ತದೆ. ಬಿಡಬಾರದು. ತಪ್ಪು ಮಾಡಿದ್ದು ಒಂದು, ಶಿಕ್ಷೆ ಅಷ್ಟಕ್ಕೂ ಆಗಿದೆ. ಆ ಒಂದನ್ನು ಹುಡುಕಲು ಒಂದೊಂದನ್ನೇ ಎನೇಬಲ್ ಮಾಡುತ್ತ ಹೋದರೆ ದಿನ ಮುಗಿಯುತ್ತದೆ. ಅರ್ಧರ್ಧ ಮಾಡಿ. 16 ಹೆಸರುಗಳಿದ್ದರೆ ಮೊದಲ ಎಂಟನ್ನು ಎನೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ. ಸ್ಕ್ಯಾನರ್ ನಿಂತರೆ ಅಪರಾಧಿ ಆ ಎಂಟರಲ್ಲಿದೆ, ಓಡಿದರೆ ಉಳಿದ ಎಂಟರಲ್ಲಿ. ಆಮೇಲೆ ನಾಲ್ಕು, ಎರಡು, ಒಂದು. 16ಕ್ಕೆ ನಾಲ್ಕೇ ಸಲ ರೀಸ್ಟಾರ್ಟ್, 32 ಇದ್ದರೂ ಐದೇ ಸಲ. ಇದರಲ್ಲಿ ಒಂದು ತೊಡಕುಂಟು. ಎರಡು ಪ್ರೋಗ್ರಾಮ್ ಸೇರಿದಾಗ ಮಾತ್ರ ಜಗಳ ಹುಟ್ಟುವುದಾದರೆ, ಅವು ಬೇರೆ ಬೇರೆ ಅರ್ಧಕ್ಕೆ ಹೋದಾಗ ಎರಡು ಕಡೆಯೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಹಾಗಾದಾಗ ಒಂದರ್ಧವನ್ನು ಪೂರ್ತಿ ಎನೇಬಲ್ ಇಟ್ಟುಕೊಂಡು, ಇನ್ನೊಂದರ್ಧದಿಂದ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋಗಬೇಕು. ಇಂಥದ್ದು ಅಪರೂಪ, ಬಂದರೆ ತಾಳ್ಮೆಯನ್ನು ಚೆನ್ನಾಗಿ ಪರೀಕ್ಷಿಸುತ್ತದೆ.

ಸಿಕ್ಕಿಬಿದ್ದದ್ದು ನಿಮಗೆ ಬೇಡದ ಪ್ರೋಗ್ರಾಮ್ ಆದರೆ ಸೀದಾ ಅನ್‌ಇನ್‌ಸ್ಟಾಲ್ ಮಾಡಿ. ಸ್ಟಾರ್ಟಪ್ಪಿನಲ್ಲಿ ಡಿಸೇಬಲ್ ಮಾಡಿಟ್ಟರೆ, ಮುಂದಿನ ಅಪ್‌ಡೇಟಿನ ಜೊತೆ ಕೆಲವು ಮತ್ತೆ ತಲೆಯೆತ್ತುತ್ತವೆ. ಅಪರಾಧಿ ಸ್ಕ್ಯಾನರಿನದೇ ಗುಂಡಿ ಕಾಯುವ ಪ್ರೋಗ್ರಾಮ್ ಆಗಿದ್ದರೆ ಸ್ವಲ್ಪ ಯೋಚಿಸಬೇಕು. ಅದನ್ನು ನಿಲ್ಲಿಸಿದರೆ ಯಂತ್ರದ ಮೇಲಿನ ಸ್ಕ್ಯಾನ್ ಗುಂಡಿ ಒತ್ತಿದಾಗ ಏನೂ ಆಗದೆ ಹೋಗಬಹುದು. ಕಂಪ್ಯೂಟರಿನಲ್ಲಿ ಕೂತು ವಿಂಡೋಸ್ ಫ್ಯಾಕ್ಸ್ ಆ್ಯಂಡ್ ಸ್ಕ್ಯಾನ್‌ನಂಥ ಪ್ರೋಗ್ರಾಮಿನಿಂದ ಸ್ಕ್ಯಾನ್ ಮಾಡುವುದಕ್ಕೆ ಸಾಮಾನ್ಯವಾಗಿ ಏನೂ ಅಡ್ಡಿಯಿಲ್ಲ. ಗುಂಡಿ ಬೇಕೋ ನೆಮ್ಮದಿ ಬೇಕೋ ನೀವೇ ತೀರ್ಮಾನಿಸಿ. ನನ್ನನ್ನು ಕೇಳಿದರೆ, ಮನೆಯಲ್ಲಿ ವಾರಕ್ಕೊಮ್ಮೆ ಒಂದು ಕಾಗದ ಸ್ಕ್ಯಾನ್ ಮಾಡುವವರಿಗೆ ಗುಂಡಿಯ ಹಂಗು ಬೇಕಿಲ್ಲ. ಕಂತೆ ಕಂತೆ ಸ್ಕ್ಯಾನ್ ಮಾಡುವ ಅಂಗಡಿಯವರಾದರೆ ಆ ಪ್ರೋಗ್ರಾಮನ್ನು ಉಳಿಸಿಕೊಂಡು, ಅದರ ಹೊಸ ಆವೃತ್ತಿ ಹಾಕಿ ನೋಡಬೇಕು.

ಪಟ್ಟಿಯಲ್ಲಿ ಯಾವುದನ್ನು ನಿಲ್ಲಿಸಿದರೂ ಗುಟ್ಟು ಬಿಟ್ಟುಕೊಡದ ಹಟಮಾರಿಗಳಿಗೆ ಆಟೋರನ್ಸ್ ಎಂಬ ಸಲಕರಣೆಯಿದೆ. ಅದನ್ನು ಬರೆದ ಸಿಸ್‌ಇಂಟರ್ನಲ್ಸ್ ತಂಡವನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು, ಈಗ ಅದು ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ರಿಜಿಸ್ಟ್ರಿ, ಸ್ಟಾರ್ಟಪ್ ಫೋಲ್ಡರ್, ಸರ್ವೀಸ್, ಹೊತ್ತಿಗೆ ಸರಿಯಾಗಿ ಏಳುವ ಷೆಡ್ಯೂಲ್ಡ್ ಟಾಸ್ಕ್, ಹೀಗೆ ತಾನಾಗಿ ಶುರುವಾಗಬಲ್ಲ ಜಾಗಗಳನ್ನೆಲ್ಲ ಜಾಲಾಡಿ ಒಂದೇ ಕಡೆ ತೋರಿಸುತ್ತದೆ. ಹೊಸಬರು ಅದರಲ್ಲಿ ನೋಡಬಹುದು, ಟಿಕ್ ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು.

ವೈ-ಫೈ ಮೂಲಕ ಸ್ಕ್ಯಾನ್ ಮಾಡುವ ಯಂತ್ರವಾದರೆ ಸ್ಟಾರ್ಟಪ್ಪಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಹೊರಗಿನಿಂದ ಹಾಕಿಸಿದ ಫೈರ್‌ವಾಲ್. ಪ್ರಿಂಟ್ ಹೋಗುತ್ತದೆ, ಸ್ಕ್ಯಾನ್ ಬರುವುದಿಲ್ಲ ಎಂಬ ದೂರು ಕೇಳಿಬಂದರೆ, ಹೊರಗೆ ಹೋಗುವುದನ್ನು ಬಿಟ್ಟು ಒಳಗೆ ಬರುವುದನ್ನು ಅದು ತಡೆಯುತ್ತಿದೆಯೇ ನೋಡಿ. ಇದ್ದರೆ ಸ್ಕ್ಯಾನರಿನ ಪ್ರೋಗ್ರಾಮಿಗೆ ಅನುಮತಿ ಕೊಟ್ಟರೆ ಸಾಕು, ಫೈರ್‌ವಾಲನ್ನೇ ಕಿತ್ತೆಸೆಯಬೇಕಿಲ್ಲ.

ಎಲ್ಲ ಮುಗಿದ ಮೇಲೆ, ತೆಗೆದಿಟ್ಟ ಫೋಟೋ ನೋಡಿಕೊಂಡು ಉಳಿದವನ್ನೆಲ್ಲ ಮೊದಲಿನಂತೆ ಎನೇಬಲ್ ಮಾಡುವುದನ್ನು, ಆಂಟಿವೈರಸ್ಸನ್ನು ಚಾಲೂ ಮಾಡಿದ ಮೇಲೆಯೇ ಇಂಟರ್ನೆಟ್ ತಂತಿ ಚುಚ್ಚುವುದನ್ನು ಮರೆಯಬೇಡಿ.

ಕ್ಲೀನ್ ಬೂಟಿನಲ್ಲೂ ಸ್ಕ್ಯಾನರ್ ಮಿಸುಕದಿದ್ದರೆ ಸ್ಟಾರ್ಟಪ್ ಪ್ರೋಗ್ರಾಮ್‌ಗಳ ಮೇಲಿನ ಆರೋಪ ಬಿಟ್ಟುಬಿಡಬಹುದು. ಈಗ ಡ್ರೈವರ್ ಮತ್ತೆ ಹಾಕಿ ನೋಡುವುದಕ್ಕೆ ಅರ್ಥವಿದೆ, ಹಾಕುವಾಗ ಡ್ರೈವರ್ ಒಂದನ್ನೇ ಆರಿಸಿಕೊಳ್ಳಿ, ಜೊತೆಗಿನ ಪರಿವಾರ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಹೊಸ ಕಂಪ್ಯೂಟರ್ ಕೊಂಡವರು ಇನ್ನೊಂದನ್ನು ಗಮನಿಸಬೇಕು. ವಿಂಡೋಸ್ 11 ಇರುವುದು 64-ಬಿಟ್ ರೂಪದಲ್ಲಿ ಮಾತ್ರ, ಎಕ್ಸ್‌ಪಿ ಕಾಲದ 32-ಬಿಟ್ ಡ್ರೈವರ್ ಅದಕ್ಕೆ ಒಗ್ಗುವುದಿಲ್ಲ. ಕಂಪನಿ ಹೊಸ ಡ್ರೈವರ್ ಬರೆಯದೆ ಕೈಬಿಟ್ಟಿದ್ದರೆ ಯಾವ ಪಟ್ಟಿಯನ್ನು ಎಷ್ಟು ತಿದ್ದಿದರೂ ಆಗುವುದಿಲ್ಲ. ಅಂಥ ಸ್ಕ್ಯಾನರನ್ನು ಗುಜರಿಗೆ ಹಾಕುವ ಮೊದಲು ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಚುಚ್ಚಿ ನೋಡಿ. ಲಿನಕ್ಸಿನಲ್ಲಿ ಸ್ಕ್ಯಾನರುಗಳನ್ನು ನೋಡಿಕೊಳ್ಳುವ ಸೇನ್ ಎಂಬ ಯೋಜನೆಯವರು, ಕಂಪನಿಗಳು ಮರೆತ ಎಷ್ಟೋ ಮಾದರಿಗಳಿಗೆ ಇನ್ನೂ ಡ್ರೈವರ್ ಉಳಿಸಿಕೊಂಡಿದ್ದಾರೆ. ಯಾವ ಮಾದರಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಪಟ್ಟಿಯೂ ಅವರ ತಾಣದಲ್ಲಿದೆ.